ನೀರು ಬಸಿಯುವ ನೊರ್ಮಾಂಡ್

ಫಿಲಿಯಾಸ್ ಲೆಸಾರ್‌ನನ್ನು ಕಂಡರೆ ನನಗೆ ಅಸಹ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಬರೆಯಹೊರಟಿರುವುದು ಅವನ ತಂಗಿ ನೊರ್ಮಾಂಡಳ ವಿಷಯ. ಆದರೆ ಅವಳ ಬದುಕಿನ ಯಾವ ಬಾಗಿಲು ತೆಗೆದರೂ ಹಿಂದೆ ಇವನು ನಿಂತಿರುತ್ತಾನೆ. ರಬ್ಬರ್ ಬೂಟು ಹಾಕಿಕೊಂಡು, ಕೈಗವಸಿನಿಂದ ಮೂಗು ಒರೆಸಿಕೊಂಡು, ಆಮೇಲೆ ಆ ಕೈಗವಸು ಕಳಚಿ ಮೇಪಲ್ ಪಾಕದೊಳಗೆ ಬೆರಳದ್ದಿ ನೆಕ್ಕುತ್ತಾ ನಿಂತಿರುತ್ತಾನೆ. ನೆಕ್ಕಿದ ಬೆರಳನ್ನು ಮತ್ತೆ ಅದ್ದುತ್ತಾನೆ. ಥೂ!

ನಾನು ಜೆಮ್ಮಾ, ಅವರ ಪಕ್ಕದ ಮನೆಯವಳು. ನೊರ್ಮಾಂಡಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದು ಬಿಟ್ಟವರು. ಪ್ರತಿ ವಸಂತದಲ್ಲೂ ಮೇಪಲ್ ಮರದ ಸಿಹಿನೀರು ಕಾಯಿಸಿ ಪಾಕ ಮಾಡುವ ಅವರ ಪಾಕದ ಮನೆಯ ಅಡುಗೆ ನನ್ನದು. ಬಟಾಣಿ ಸೂಪು, ಬೇಯಿಸಿದ ಅವರೆಬೀಜ, ಹಂದಿಮಾಂಸ, ಮೊಟ್ಟೆ, ಎಲ್ಲದರ ಮೇಲೂ ಪಾಕ. ಊರವರು ಬಂದು ಉದ್ದನೆಯ ಮೇಜುಗಳಲ್ಲಿ ಕೂತು ಹೊಟ್ಟೆ ಬಿರಿಯೆ ತಿಂದು ಹೋಗುತ್ತಾರೆ. ಅವರಿಗೆ ಅದು ಹಬ್ಬ. ನನಗೆ ಮಾತ್ರ ಬೇಸಿಗೆ ಬಂದರೂ ಕೂದಲಿನಿಂದ ಹೋಗದ ಹಂದಿಕೊಬ್ಬಿನ ವಾಸನೆ, ಚಪ್ಪಲಿ ಕಚ್ಚಿ ಹಿಡಿಯುವ ನೆಲ, ಎಷ್ಟು ಉಜ್ಜಿದರೂ ಅಂಟುವ ಬಾಗಿಲ ಹಿಡಿ. ಈ ಮೇಪಲ್ ಪಾಕವನ್ನು ಚಿನ್ನ ಚಿನ್ನ ಎನ್ನುವವರು ಒಂದು ಸಲ ಆ ನೆಲ ಒರೆಸಲಿ.

ನೊರ್ಮಾಂಡಳ ಕೆಲಸ ನೀರು ಬಸಿಯುವುದು. ನಮ್ಮ ಕ್ವಿಬೆಕ್ ಸೀಮೆಯ ಬೋಸ್ ಗುಡ್ಡಗಳಲ್ಲಿ ಅದಕ್ಕೊಬ್ಬರು ಬೇಕೇ ಬೇಕು. ಎಲೆ ಉದುರುವ ಕಾಲಕ್ಕೆ ಅವಳಿಗೆ ಕರೆ ಬರಲು ಶುರುವಾಗುತ್ತದೆ. ಕೆರೆಯ ದಂಡೆಯಲ್ಲಿರುವ ಪಟ್ಟಣದವರ ಬೇಸಿಗೆ ಮನೆಗಳು, ಚರ್ಚಿನ ಸಭಾಂಗಣ, ಹಾಲಿನವರ ಶೆಡ್ಡು, ಎಲ್ಲ ಕಡೆಗೂ ಅವಳೇ. ಒಂದು ಸ್ಪ್ಯಾನರ್, ಒಂದು ಬಕೆಟ್, ಚಳಿಗೆ ಗಡ್ಡೆಕಟ್ಟದ ಗುಲಾಬಿ ಬಣ್ಣದ ದ್ರವ ಒಂದು ಡಬ್ಬಿ ಹಿಡಿದು ಹೋಗುತ್ತಾಳೆ. ಎಲ್ಲಕ್ಕಿಂತ ಕೆಳಗಿರುವ ನಲ್ಲಿ ಹುಡುಕಿ ನೀರು ಹರಿಯಬಿಡುತ್ತಾಳೆ, ಕೊಳವೆಗಳನ್ನು ಊದಿ ಒಣಗಿಸುತ್ತಾಳೆ, ನೀರು ಉಳಿದೇ ಉಳಿಯುವ ಬಾಗುಗಳಿಗೆ ಆ ಗುಲಾಬಿ ದ್ರವ ಹುಯ್ಯುತ್ತಾಳೆ. ನೀರು ಗಡ್ಡೆಕಟ್ಟಿದರೆ ಹಿಗ್ಗುತ್ತದೆ, ಹಿಗ್ಗಿದರೆ ಕಬ್ಬಿಣವನ್ನೂ ಸೀಳುತ್ತದೆ. ಅವಳು ನಂಬಿದ್ದು ಇದೊಂದನ್ನೇ. ಉಳಿದದ್ದೆಲ್ಲ ಪಾದ್ರಿಗಳಿಗೆ ಬಿಟ್ಟಿದ್ದಾಳೆ.

ವಸಂತದಲ್ಲಿ ಅವಳು ಮನೆಯ ಕೆಲಸಕ್ಕೆ ಮರಳುತ್ತಾಳೆ. ಅಪ್ಪ ಬಿಟ್ಟುಹೋದ ಮೇಪಲ್ ತೋಪು ಅಣ್ಣ ತಂಗಿ ಇಬ್ಬರದೂ. ಹಗಲು ಬೆಚ್ಚಗಾಗಿ ರಾತ್ರಿ ಕೊರೆಯುವ ಆ ಕೆಲವು ವಾರ ಮಾತ್ರ ಮರ ನೀರು ಬಿಡುತ್ತದೆ; ಅದಕ್ಕೆ ನಾವು ಓಟ ಎನ್ನುತ್ತೇವೆ. ನೀರು ಹರಿಯಬೇಕಾದರೆ ಬೇಕಾದ ಆ ಚಳಿಯೇ ಕೊಳವೆ, ಪಂಪು, ಕೊಪ್ಪರಿಗೆ ಎಲ್ಲವನ್ನೂ ಒಡೆಯಲು ಕಾದಿರುತ್ತದೆ. ಆದ್ದರಿಂದ ಸಂಜೆಯಾದರೆ ನೊರ್ಮಾಂಡ್ ನಲ್ಲಿ ಬಿಟ್ಟು ಇದ್ದ ನೀರೆಲ್ಲ ಬಸಿಯುತ್ತಾಳೆ, ಬೆಳಿಗ್ಗೆ ಕಟ್ಟುತ್ತಾಳೆ. ಅವಳು ಬಿಟ್ಟು ಕಟ್ಟುವ ಹೊತ್ತಿಗೆ ಫಿಲಿಯಾಸ್ ಬಾಗಿಲಲ್ಲಿ ನಿಂತು ಬಂದವರಿಗೆ ಪಾಕ ಕಾಯಿಸುವ ಕಲೆಯನ್ನು ವಿವರಿಸುತ್ತಿರುತ್ತಾನೆ.

ಹರೆಯದಲ್ಲಿ ಅವಳಿಗೆ ಮದುವೆ ಗೊತ್ತಾಗಿತ್ತು. ಬೆನುವಾ ಅಂತ, ಗರಗಸದ ಮಿಲ್ಲಿನಲ್ಲಿ ಕೆಲಸ, ಒಳ್ಳೆಯವನು. ಈಸ್ಟರ್ ಕಳೆದ ಮೇಲೆ ಎಂದು ದಿನ ಗೊತ್ತುಮಾಡಿದ್ದರು. ಆ ವರ್ಷ ಮರಗಳು ತಡವಾಗಿ ನೀರು ಬಿಟ್ಟವು. "ಈ ಒಂದು ಓಟ ಮುಗೀಲಿ ಕಣೇ" ಎಂದ ಫಿಲಿಯಾಸ್. ಬೇಸಿಗೆಯಲ್ಲಿ ಬೇಲಿ ಕೆಲಸ, ಚಳಿಗಾಲದಲ್ಲಿ ಸೌದೆ ಕೆಲಸ, ಮತ್ತೆ ವಸಂತ, ಮತ್ತೆ "ಈ ಒಂದು ಓಟ". ಬೆನುವಾ ಗಡಿ ದಾಟಿ ಮೇನ್ ರಾಜ್ಯದ ಕಡೆ ಮರ ಕಡಿಯಲು ಹೋದವನು ಅಲ್ಲೇ ಯಾರನ್ನೋ ಕಟ್ಟಿಕೊಂಡ. ಫಿಲಿಯಾಸ್ ಅದಕ್ಕೇನೆಂದ ಗೊತ್ತೇ? "ನಾನ್ ಮೊದ್ಲೇ ಹೇಳಿರ್ಲಿಲ್ವಾ, ಅವ್ನು ನಿಲ್ಲೋ ಗಿರಾಕಿ ಅಲ್ಲ."

ಅಂದಿನಿಂದ ಅವಳಿಗೆ ಒಂದೇ ಆಸೆ. ಪಾತ್ರೆ ಉಜ್ಜುವಾಗ ಎಷ್ಟೋ ಸಲ ನನಗೆ ಹೇಳಿದ್ದಾಳೆ.

"ಒಂದ್ಸಲ ಅವನ ಬಾಯಿಂದ 'ನಂಗೊತ್ತಿರ್ಲಿಲ್ಲ' ಅಂತ ಕೇಳ್ಬೇಕು ಕಣೇ ಜೆಮ್ಮಾ. ಒಂದೇ ಒಂದ್ಸಲ. ಆಮೇಲೆ ಸತ್ರೂ ಚಿಂತೆ ಇಲ್ಲ."

"ಹಾಗಾದ್ರೆ ನೀನು ಸಾಯೋದೇ ಇಲ್ಲ ಬಿಡು" ಎನ್ನುತ್ತಿದ್ದೆ ನಾನು.

ಈ ವರ್ಷ ಮಾರ್ಚ್ ಮೊದಲಲ್ಲಿ ಅವಳ ಒಂದು ಕಣ್ಣಿನ ಪೊರೆ ತೆಗೆಸಲು ದಿನ ಕೊಟ್ಟರು. ಕ್ವಿಬೆಕ್ ನಗರದ ಆಸ್ಪತ್ರೆ. ಕರೆದುಕೊಂಡು ಹೋಗುವವಳು ನಾನು. ಹೊರಡುವ ಮುಂಚೆ ಅವಳು ಅಣ್ಣನನ್ನು ಪಾಕದ ಮನೆಯ ಸೋಸುವ ಮಿಷನ್ನಿನ ಕೋಣೆಗೆ ಕರೆದಳು. ಮರದ ನೀರಿನಲ್ಲಿ ಬಹುಪಾಲು ಬರೀ ನೀರು. ಅದನ್ನು ಕುದಿಸುವ ಮೊದಲೇ ಹಿಂಡಿ ಹೊರಹಾಕುವ ಮಿಷನ್ ಅದು. ಅದಿದ್ದರೆ ಗುಡ್ಡದಷ್ಟು ಸೌದೆ ಉಳಿಯುತ್ತದೆ. ಫೆಬ್ರವರಿ ಕೊನೆಯಲ್ಲಿ ಒಂದು ಸಣ್ಣ ಓಟ ಆಗಿತ್ತು, ಮಿಷನ್ನಿನೊಳಗಿನ ಸೋಸುವ ಸುರುಳಿಗಳು ಒಣಗಬಾರದೆಂದು ಅದರ ಹೊಟ್ಟೆಯಲ್ಲಿ ನೀರು ಉಳಿಸಿದ್ದಳು. ಪಕ್ಕದಲ್ಲಿ ಒಂದು ಪುಟ್ಟ ಹೀಟರ್ ಉರಿಯುತ್ತಿತ್ತು.

"ಅಣ್ಣ, ಇಲ್ನೋಡು. ಈ ಹೀಟರ್ ಆರ್ಬಾರ್ದು. ಬೇರೇನೂ ನೆನಪಿಟ್ಕೋಬೇಡ, ಇದೊಂದೇ."

"ನಂಗ್ ಹೇಳ್ಕೊಡ್ತೀಯೇನೇ? ನೀನು ಹುಟ್ಟೋಕ್ ಮುಂಚಿಂದ ಪಾಕ ನೋಡಿರೋನು ನಾನು."

"ಕರೆಂಟ್ ಹೋದ್ರೆ ತಳದ ನಲ್ಲಿ ತಿರುಗ್ಸಿ ನೀರೆಲ್ಲ ಬಸಿದ್ಬಿಡು. ಸೋಸೋ ಸುರುಳಿಗಳ್ನ ಬಿಚ್ಚಿ ಮನೆಯೊಳಗೆ ತಂದಿಡು."

"ಆಯ್ತು ಹೋಗೇ ಮಾರಾಯ್ತಿ. ಕಣ್ಣಿಗೆ ಪೊರೆ ಬಂದಿದೆ, ಬಾಯಿಗ್ ಬಂದಿದ್ರೆ ಚೆನ್ನಾಗಿತ್ತು."

"ತಳದ ನಲ್ಲಿ ಯಾವ್ದು, ಗೊತ್ತಲ್ಲ?"

"ಹೋಗ್ತೀಯೋ ಇಲ್ವೋ?"

ಅವನು ನಲ್ಲಿಯ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಯ ಪ್ಲಗ್ಗನ್ನು ನೋಡುತ್ತಿದ್ದ. ಆಗ ಅದು ನನಗೆ ಅರ್ಥವಾಗಲಿಲ್ಲ.

ನಾವು ನಗರದಲ್ಲಿದ್ದಾಗ ಚಳಿ ಇಳಿಯಿತು. ಇಳಿದದ್ದೆಂದರೆ, ಆಸ್ಪತ್ರೆಯ ಕಿಟಕಿಯ ಒಳಗಡೆಯೂ ಹಿಮ ಹೂ ಬಿಟ್ಟಿತು. ನೊರ್ಮಾಂಡ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿಯೇ "ಹೀಟರ್" ಎಂದಳು. ನಾನು ಪಾಕದ ಮನೆಗೆ ಫೋನು ಮಾಡಿದೆ. ಆ ಕಡೆ ಐಸ್ ಹಾಕಿ ಪಂದ್ಯದ ಗದ್ದಲ ಕೇಳುತ್ತಿತ್ತು. "ಎಲ್ಲಾ ಸರಿ ಇದೆ ಅಂತ ಹೇಳು ಆ ಮುದುಕಿಗೆ" ಎಂದು ಇಟ್ಟುಬಿಟ್ಟ.

ಮರಳಿ ಬಂದಾಗ ಮಿಷನ್ ಕೋಣೆಯಲ್ಲಿ ಟಿ.ವಿ. ಇತ್ತು. ಮುರುಕು ಆರಾಮಕುರ್ಚಿ, ಖಾಲಿ ಬಿಯರ್ ಬಾಟಲಿಗಳು, ಹಂದಿಚರ್ಮದ ಕುರುಕಲಿನ ಜಿಡ್ಡು ಕಾಗದ, ಒಂದು ಜೊತೆ ಕಾಲುಚೀಲ. ಆ ಕಾಲುಚೀಲದ ಬಗ್ಗೆ ನಾನು ಬರೆಯಲಾರೆ. ಕೋಣೆಯ ಫ್ಯೂಸು ಟಿ.ವಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ತಾಳುವುದಿಲ್ಲ. ಮನೆಯಲ್ಲಿ ಬಿಯರ್ ಕುಡಿಯಲು ನೊರ್ಮಾಂಡ್ ಬಿಡುವುದಿಲ್ಲವೆಂದು ಇಲ್ಲಿ ಕುಡಿದು ರೂಢಿ ಅವನಿಗೆ, ಅವಳು ಊರಲ್ಲಿಲ್ಲದಿದ್ದರೂ. ಪಂದ್ಯಕ್ಕೆಂದು ಹೀಟರ್ ಕಿತ್ತವನು ಮತ್ತೆ ಹಾಕಲಿಲ್ಲ. ಪಂಪಿನ ಮೈ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಬಿರುಕಿನಿಂದ ಮಂಜುಗಡ್ಡೆ ನಾಲಿಗೆ ಚಾಚಿತ್ತು.

ಇದೆಲ್ಲ ಹೋಗಲಿ ಎನ್ನಬಹುದು. ಮಿಷನ್ನಿನ ನೆತ್ತಿಯ ಮೇಲೆ ಒಂದು ಗಾಜಿನ ಬಾಟಲಿ ಒಡೆದು ಕೂತಿತ್ತು. ಗಾಜು ಸುತ್ತ ಬಿದ್ದಿತ್ತು, ನೀರು ಮಾತ್ರ ಬಾಟಲಿಯ ಆಕಾರದಲ್ಲೇ ಗಡ್ಡೆಯಾಗಿ ನಿಂತಿತ್ತು. ಅದು ಕಳೆದ ವರ್ಷದ ಈಸ್ಟರ್ ನೀರು. ಈಸ್ಟರ್ ದಿನ ಸೂರ್ಯ ಹುಟ್ಟುವ ಮುಂಚೆ ತೊರೆಗೆ ಹೋಗಿ, ಯಾರೊಡನೆಯೂ ಮಾತಾಡದೆ ತುಂಬಿ ತಂದ ನೀರು ವರ್ಷವಿಡೀ ಕೆಡುವುದಿಲ್ಲ, ಸಿಡಿಲು ತಡೆಯುತ್ತದೆ, ಕಣ್ಣುನೋವು ವಾಸಿಮಾಡುತ್ತದೆ ಎಂದು ನಮ್ಮಲ್ಲಿ ಅಜ್ಜಿಯರ ಕಾಲದಿಂದ ನಂಬಿಕೆ. ಅಷ್ಟಿದ್ದರೂ ನೊರ್ಮಾಂಡ್ ಕಣ್ಣಿಗೆ ಆಸ್ಪತ್ರೆಗೇ ಹೋದಳು. ಅವಳ ಅಣ್ಣ ಹೀಟರಿನ ಕೆಲಸವನ್ನು ಬಾಟಲಿಗೆ ಒಪ್ಪಿಸಿ ಪಂದ್ಯ ನೋಡಲು ಕೂತ.

"ಇಲಿ" ಎಂದ ಫಿಲಿಯಾಸ್, ನಾವು ಕೇಳುವ ಮೊದಲೇ. "ಇಲಿ ಹೀಟರ್ ವೈರು ಕಡಿದ್ಬಿಟ್ಟಿದೆ."

ನೊರ್ಮಾಂಡ್ ಮೂಲೆಯಿಂದ ಹೀಟರ್ ಎತ್ತಿದಳು. ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ತುದಿಯನ್ನು ಸಿಕ್ಕಿಸಿ ಇಡಲಾಗಿತ್ತು.

"ಇಲಿ ಕಡಿಯತ್ತೆ ಅಣ್ಣ. ಸುತ್ತಿ ಗಂಟು ಹಾಕಿಡಲ್ಲ."

"ಹಾಗಾದ್ರೆ ಮಿಷನ್ನೇ ಸರಿ ಇರ್ಲಿಲ್ಲ. ಕೊಳ್ಳೋವಾಗ್ಲೇ ನಾನು ಬೇಡ ಅಂದಿದ್ದೆ."

"ಮತ್ತೆ ಈ ಬಾಟ್ಲಿ ಯಾಕಿಟ್ಟೆ?"

"ಈಸ್ಟರ್ ನೀರು ಕೆಡಲ್ಲ ಅಂತ ಅಮ್ಮ ಹೇಳ್ತಿರ್ಲಿಲ್ವಾ?"

"ಕೆಡಲ್ಲ ಅಂದ್ಲು. ಹೆಪ್ಪುಗಟ್ಟಲ್ಲ ಅಂತ ಯಾವಾಗಂದ್ಲು?"

ಅದಕ್ಕವನು ಚರ್ಚಿನ ಪಾತ್ರೆ ಪರಡಿಗಳ ಹೆಸರನ್ನೆಲ್ಲ ಒಂದೊಂದಾಗಿ ಬೈಗುಳವಾಗಿ ಉದುರಿಸಿ, ಬಾಗಿಲು ಬಡಿದು ಹೋದ. ನಮ್ಮಲ್ಲಿ ಬೈಯಲು ಬೇರೆ ಮಾತಿಲ್ಲ, ಪ್ರಸಾದದ ಪೆಟ್ಟಿಗೆಯಿಂದಲೇ ಶುರು. ನೊರ್ಮಾಂಡ್ ಒಂದು ಕಣ್ಣಿನಲ್ಲೇ ಗಾಜು ಆಯತೊಡಗಿದಳು. ನಾನು ಕಾಲುಚೀಲವನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಆರಾಮಕುರ್ಚಿಯಲ್ಲಿ ಕೂತಿತ್ತು.

ರಿಪೇರಿಗೆ ಕ್ಲೆರ್ಮೋಂ ಬಂದ. ಮಾತು ಕಡಿಮೆ, ಸಿಗರೇಟು ಜಾಸ್ತಿ. ಬೆಂಕಿ ತೋರಿಸದೆ, ಬಿಸಿನೀರಿನ ಬಟ್ಟೆ ಸುತ್ತಿ ನೊರ್ಮಾಂಡ್ ಆಗಲೇ ಗಡ್ಡೆ ಕರಗಿಸಿದ್ದಳು. ಅವನು ಸೋಸುವ ಸುರುಳಿಗಳನ್ನು ಎಳೆದು ನೋಡಿದ.

"ಇವು ಸತ್ವು. ಪಂಪೂ ಸತ್ತಿದೆ. ಹೊಸದು ಬರೋಕೆ ಈಸ್ಟರ್ ಆಗತ್ತೆ."

"ಮರ ಅಲ್ಲೀತನ್ಕ ಕಾಯತ್ತಾ?" ಎಂದಳು ನೊರ್ಮಾಂಡ್.

"ಮರಕ್ಕೆ ನೀನೇ ಹೇಳ್ನೋಡು."

ಮರ ಕಾಯಲಿಲ್ಲ. ಮರುವಾರವೇ ಬಿಸಿಲು ಬಿದ್ದು ತೋಪಿನ ಕೊಳವೆಗಳೆಲ್ಲ ತೊಟ್ಟಿಗೆ ಸುರಿಯತೊಡಗಿದವು. ಮೇಪಲ್ ನೀರು ಹಾಲಿನ ಹಾಗೆ. ಹೊತ್ತಿಗೆ ಸರಿಯಾಗಿ ಕಾಯಿಸದಿದ್ದರೆ ಮೊದಲು ಮಬ್ಬಾಗುತ್ತದೆ, ಆಮೇಲೆ ಲೋಳೆಯಾಗಿ ಎಳೆ ಬಿಡುತ್ತದೆ. ಆ ಲೋಳೆಯನ್ನು ನಾನು ಕೈಯಾರೆ ತೊಟ್ಟಿಯಿಂದ ಬಳಿದಿದ್ದೇನೆ.  ಸೋಸದ ನೀರನ್ನೇ ಹಳೆಯ ಕಾಲದ ಹಾಗೆ ಸೌದೆ ಒಟ್ಟಿ ಕಾಯಿಸುವುದೊಂದೇ ದಾರಿ.

ಹೊಗೆ ತಾಗದಂತೆ ಪಟ್ಟಿ ಕಟ್ಟಿಕೊಂಡೇ ನೊರ್ಮಾಂಡ್ ಒಂದೇ ಕಣ್ಣಿನಲ್ಲಿ ಕಾಯಿಸಿದಳು. ಬೆಳಕು ಹರಿಯುವ ಮೊದಲೇ ಒಲೆ, ಕತ್ತಲಾದ ಮೇಲೆ ಬಸಿಯುವುದು. ಭಾರ ಎತ್ತಬಾರದು, ಬಗ್ಗಬಾರದು, ಹೊಗೆಗೆ ಮುಖ ಒಡ್ಡಬಾರದು ಎಂದು ಡಾಕ್ಟರು ಹೇಳಿದ್ದರು. ಮೂರನ್ನೂ ಒಟ್ಟಿಗೆ ಮಾಡಿದಳು. ಸೌದೆ ನಾನು ಹೊತ್ತೆ. ಉಕ್ಕು ಬಾರದಿರಲೆಂದು ಕೊಪ್ಪರಿಗೆಯ ಮೇಲೆ ದಾರದಲ್ಲಿ ಹಂದಿಕೊಬ್ಬಿನ ತುಂಡು ಕಟ್ಟುವುದು ಅವರಪ್ಪನ ಪದ್ಧತಿ. ನೊರೆ ಮೇಲೆದ್ದು ಕೊಬ್ಬಿಗೆ ತಾಗಿದರೆ ಇಳಿಯುತ್ತದೆ. ಫಿಲಿಯಾಸ್ ಎಲ್ಲಿಂದಲೋ ಹಳದಿಯಾದ, ಕೂದಲಿರುವ ಒಂದು ತುಂಡು ತಂದು ಕಟ್ಟಿದ. ಇಡೀ ವಸಂತಕ್ಕೆ ಅವನು ಮಾಡಿದ ಕೆಲಸ ಅದು. ನಾನು ಕತ್ತರಿಸಿ ನಾಯಿಗೆ ಹಾಕಿದೆ. ನಾಯಿ ಮೂಸಿ ಹೋಯಿತು.

ತಪ್ಪಿದೆ, ಇನ್ನೊಂದು ಕೆಲಸವನ್ನೂ ಮಾಡಿದ. ಒಂದು ಬೆಳಿಗ್ಗೆ ನಾವು ತೊಟ್ಟಿಯ ಹತ್ತಿರ ಇದ್ದಾಗ, "ನಾನೇ ಹಚ್ತೀನಿ, ಎಷ್ಟೊತ್ತು ಮಾಡ್ತೀರಾ" ಎಂದು ಒಲೆಗೆ ಬೆಂಕಿ ಹಾಕಿದ. ತೊಟ್ಟಿಯಿಂದ ಕೊಪ್ಪರಿಗೆಗೆ ನೀರು ಬಿಡಲು ನೀರಿನ ಮೇಲೆ ತೇಲುವ ಬುರುಡೆ ಒಂದಿದೆ. ನೀರು ಕಡಿಮೆಯಾದರೆ ಬುರುಡೆ ಇಳಿಯುತ್ತದೆ, ದಾರಿ ತೆರೆಯುತ್ತದೆ. ಆ ಬುರುಡೆ ರಾತ್ರಿಯ ಚಳಿಗೆ ಮೇಲೆಯೇ ಗಡ್ಡೆಕಟ್ಟಿ ನಿಂತಿತ್ತು. ನೊರ್ಮಾಂಡ್ ದಿನಾ ಮೊದಲು ಅದರ ಮೇಲೆ ಒಂದು ಕೆಟ್ಲು ಬಿಸಿನೀರು ಹುಯ್ದು ಆಮೇಲೆ ಒಲೆ ಮುಟ್ಟುತ್ತಾಳೆ. ಇವನಿಗೆ ಬುರುಡೆ ಇದೆಯೆಂದಾದರೂ ಗೊತ್ತಿತ್ತೋ ಇಲ್ಲವೋ. ಕೊಪ್ಪರಿಗೆ ಕುದಿಯುತ್ತಾ ತಳ ಕಾಣತೊಡಗಿತು. ಸೀದ ಸಕ್ಕರೆಯ ಕಮಟು ವಾಸನೆ ಅಂಗಳಕ್ಕೆ ಬಂದದ್ದೇ ನೊರ್ಮಾಂಡ್ ಸಲಿಕೆ ಹಿಡಿದು ಓಡಿದಳು. ಬಾಗಿಲ ಪಕ್ಕದ ಹಿಮವನ್ನು ಸಲಿಕೆ ಸಲಿಕೆಯಾಗಿ ಕೊಪ್ಪರಿಗೆಗೆ ಎಸೆದಳು. ಉಗಿ ಸೂರು ಮುಟ್ಟಿತು. ಕೊಪ್ಪರಿಗೆ ಉಳಿಯಿತು. ಉಗಿಯ ಆಚೆಯಿಂದ ಫಿಲಿಯಾಸನ ದನಿ ಕೇಳಿತು.

"ಹಾಕು ಹಾಕು! ಅದನ್ನೇ ನಾನು ಹೇಳ್ತಿದ್ದೆ!"

ಅವತ್ತು ಅವನನ್ನೂ ಕೊಪ್ಪರಿಗೆಗೆ ನೂಕಬೇಕೆನಿಸಿತ್ತು. ಪಾಕ ಕೆಡುತ್ತದೆಂದು ಬಿಟ್ಟೆ.

ಈಸ್ಟರ್ ಹಿಂದಿನ ದಿನ ಕ್ಲೆರ್ಮೋಂ ಹೊಸ ಪಂಪು, ಹೊಸ ಸುರುಳಿ ತಂದು ಜೋಡಿಸಿದ. ಮರುದಿನ ಪೂಜೆ ಮುಗಿಸಿ ಊರೆಲ್ಲ ಉಣ್ಣಲು ಬಂತು. ಸೋಸದೆ ಹೆಚ್ಚು ಹೊತ್ತು ಕಾಯಿಸಿದ ಪಾಕ ಕಪ್ಪಗೆ, ಗಾಢವಾಗಿ ಇಳಿದಿತ್ತು. ಹಿಮದ ಮೇಲೆ ಹುಯ್ದ ಪಾಕವನ್ನು ಕಡ್ಡಿಗೆ ಸುತ್ತಿ ಬಾಯಿಗಿಟ್ಟ ಪಾದ್ರಿಗಳು ಕಣ್ಣು ಮುಚ್ಚಿದರು.

"ಇದು ನನ್ನಜ್ಜನ ಕಾಲದ ರುಚಿ ಕಣಯ್ಯಾ ಫಿಲಿಯಾಸ್! ಏನ್ಮಾಡ್ದೆ ಈ ಸಲ?"

ನೊರ್ಮಾಂಡ್ ಸೂಪಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಫಿಲಿಯಾಸ್ ಎದ್ದು ನಿಂತ. ಕೋಟಿನ ಗುಂಡಿ ಹಾಕಿಕೊಂಡ.

"ಏನಿಲ್ಲ ಫಾದರ್. ಈ ಮಿಷನ್ನಿಂದ ರುಚಿ ಹೋಗತ್ತೆ ಅಂತ ನಂಗ್ ಮೊದ್ಲಿಂದ್ಲೂ ಅನುಮಾನ. ಈ ವರ್ಷ ಗಟ್ಟಿ ಮನಸ್ಸು ಮಾಡಿ ನಾನೇ ಮಿಷನ್ ನಿಲ್ಲಿಸ್ಬಿಟ್ಟೆ. ಅಪ್ಪನ ದಾರೀಲಿ ಹೋಗೋಣ ಅಂದೆ. ನೊರ್ಮಾಂಡ್ ಬೇಡ ಅಂದ್ಲು ಪಾಪ, ಹೆಂಗಸು, ಸೌದೆ ಕಂಡ್ರೆ ಭಯ."

ಚಪ್ಪಾಳೆ ಬಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುವುದು ಹಳೆಯ ಮಾತು. ಈ ಜಟ್ಟಿಗೆ ಮಣ್ಣಾದ ಮೀಸೆಗೇ ಹಾರ ಹಾಕಿದರು.  ನೊರ್ಮಾಂಡ್ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಏಪ್ರನ್ ಬಿಚ್ಚಿ ಮಡಿಸಿ, ಅವನ ಕುರ್ಚಿಯ ಬೆನ್ನಿಗೆ ಹಾಕಿ ಹೊರಗೆ ಹೋದಳು.

ಮರುದಿನ ಮಧ್ಯಾಹ್ನ ನಮ್ಮ ಮನೆಗೆ ಬಂದು ಇಸ್ಪೀಟು ಹಾಕು ಎಂದಳು. ಗಾಳಿ ಎದ್ದಿತ್ತು. ಕಿಟಕಿಯ ಆಚೆ ಥರ್ಮಾಮೀಟರಿನ ಕೆಂಪು ಗೆರೆ ನೋಡುನೋಡುತ್ತ ಇಳಿಯುತ್ತಿತ್ತು. ಸಂಜೆಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ ಹೋಗುತ್ತದೆಂದು ರೇಡಿಯೋ ಹೇಳಿತು. ದೀಪ ಒಂದು ಸಲ ಹೋಗಿ ಬಂತು.

"ನೊರ್ಮಾಂಡ್, ಹೊಸ ಪಂಪಲ್ಲಿ ನೀರಿದೆ" ಎಂದೆ.

"ಇದೆ."

"ಬಸಿಯೋಕ್ ಹೋಗಲ್ವಾ?"

"ಎಲೆ ಹಂಚು."

ಹಂಚಿದೆ. ದೀಪ ಮತ್ತೊಮ್ಮೆ ಹೋಯಿತು, ಈ ಸಲ ಬರಲಿಲ್ಲ. ಕಿಟಕಿಯ ಬೆಳಕಿನಲ್ಲೇ ಆಡಿದೆವು. ಅವಳ ಕೈ ಎಲೆ ಹಿಡಿದಿತ್ತು, ಕಾಲು ಮಾತ್ರ ಮೇಜಿನ ಕೆಳಗೆ ನೆಲವನ್ನು ಕುಟ್ಟುತ್ತಿತ್ತು. ಬದುಕಿಡೀ ಚಳಿ ಇಳಿದಾಗಲೆಲ್ಲ ಎದ್ದು ಓಡಿದ ಕಾಲು. ಕೂರಿಸಿಟ್ಟರೆ ಕೇಳುತ್ತದೆಯೇ? ಫೋನು ರಿಂಗಾಯಿತು. ನಾನೆತ್ತಿದೆ.

"ಅವಳಿದಾಳಾ? ಕೊಡು." ಮಿಷನ್ ಕೋಣೆಯ ಫೋನಿನಲ್ಲಿ ಫಿಲಿಯಾಸನ ದನಿ ಸಣ್ಣಗಾಗಿತ್ತು.

ನೊರ್ಮಾಂಡ್ ರಿಸೀವರನ್ನು ನನಗೂ ಕೇಳುವಂತೆ ದೂರ ಹಿಡಿದಳು.

"ಕರೆಂಟ್ ಹೋಗಿದೆ ಕಣೇ. ಹೀಟರ್ ಆರಿದೆ."

"ಇಲ್ಲೂ ಹೋಗಿದೆ."

"ಬರಲ್ವಾ?"

"ಇಲ್ಲ."

ಗಾಳಿ ಆ ಕಡೆಯೂ ಹುಯ್ಯೆನ್ನುತ್ತಿತ್ತು. ಅವನು ಏನನ್ನೋ ಒದ್ದ ಸದ್ದು ಕೇಳಿತು.

"ಮೇಲ್ಗಡೆ ನೀರ್ ಕಟ್ಟೋದೊಂದು, ನೀರ್ ಬಿಡೋದೊಂದು... ಎಷ್ಟು ನಲ್ಲಿ ಇಟ್ಟಿದಾನೆ ಆ ಕ್ಲೆರ್ಮೋಂ! ತಳದ ನಲ್ಲಿ ಯಾವ್ದೇ ಅದು?"

"ನಿನ್ನೆ ಅಷ್ಟು ಜನದ ಮುಂದೆ ಹೇಳ್ದೆಯಲ್ಲ ಅಣ್ಣ, ನೀನೇ ಮಿಷನ್ ನಿಲ್ಲಿಸ್ದೆ ಅಂತ. ಆಗ ಹ್ಯಾಗ್ ನಿಲ್ಲಿಸ್ದ್ಯೋ ಹಾಗೇ ನಿಲ್ಲಿಸು."

ಅವನು ಸಿಕ್ಕಸಿಕ್ಕ ಹಿಡಿ ತಿರುಗಿಸುತ್ತಿದ್ದ ಸದ್ದು ಕೇಳಿತು.  ಪಂಪು ಹೋಯಿತು, ಈ ವರ್ಷ ಹೋಯಿತು ಎನಿಸಿತು. ನೊರ್ಮಾಂಡ್ ಅಲುಗಲಿಲ್ಲ.

"ನಂಗೊತ್ತಿಲ್ಲ" ಎಂದ.

"ಏನಂದೆ? ಗಾಳಿ."

"ನಂಗೊತ್ತಿಲ್ಲ ಕಣೇ! ಯಾವತ್ತೂ ಗೊತ್ತಿರ್ಲಿಲ್ಲ. ಸಾಕಾ?"

ಅವಳ ಕಾಲು ಕುಟ್ಟುವುದು ನಿಂತಿತು. ಪಟ್ಟಿ ಇಲ್ಲದ ಕಣ್ಣಿನಿಂದ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆಯೇ ಮಾತಾಡಿದಳು.

"ಪಂಪಿನ ಎಡಗಡೆ, ಕೆಳಗೆ. ಕೆಂಪು ಹಿಡಿ. ಬಗ್ಗು."

"ಬಗ್ಗಿದೀನಿ."

"ಇನ್ನೂ ಬಗ್ಗು. ಮಂಡಿ ಊರು."

ಮಂಡಿ ಊರುವಾಗ ಅವನು ನರಳಿದ್ದು ಕೇಳಿತು. ಆಮೇಲೆ ನಲ್ಲಿಯ ಕಿರುಗುಟ್ಟು, ಆಮೇಲೆ ಕಾಂಕ್ರೀಟಿನ ಮೇಲೆ ಧಾರಾಕಾರ ನೀರು. ಆ ಸದ್ದು ನಿಲ್ಲುವವರೆಗೂ ನೊರ್ಮಾಂಡ್ ರಿಸೀವರ್ ಹಿಡಿದೇ ಇದ್ದಳು.

"ಇನ್ನು ಸುರುಳಿ ಬಿಚ್ಚಿ ಮನೆಗೆ ಒಯ್ದು ಒಲೆ ಹತ್ರ ಇಡು. ಮೇಲೆ ಹೊಸ ಈಸ್ಟರ್ ನೀರಿನ ಬಾಟ್ಲಿ ಇಟ್ಟಿದೀಯಾ?"

ಗಾಜು ಕಬ್ಬಿಣಕ್ಕೆ ತಾಗಿದ ಸದ್ದು ಕೇಳಿತು.

"ಅದನ್ನೂ ಒಳಗ್ ತಗೊಂಡೋಗು. ಒಡ್ಯತ್ತೆ."

ರಿಸೀವರ್ ಇಟ್ಟು ಬಂದು ಕೂತಳು. ನನಗಿನ್ನೂ ಅಸಹ್ಯ ಹೋಗಿರಲಿಲ್ಲ. ಒಂದು ಮಾತಿಗೆ ಮುದುಕನಾಗುವವರೆಗೆ ಕಾಯಿಸಿದನಲ್ಲ, ಅದೂ 'ಸಾಕಾ' ಸೇರಿಸಿ ಕೊಟ್ಟನಲ್ಲ ಎಂದು ಬೈಯತೊಡಗಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಪಟ್ಟಿ ಮೇಲೆ ಸರಿಸಿ, ತನ್ನ ಎಲೆಗಳನ್ನು ಬೆಳಕಿಗೆ ಹಿಡಿದು ಹೊಸ ಕಣ್ಣಿನಿಂದ ಒಂದೊಂದನ್ನೇ ನೋಡುತ್ತಿದ್ದಳು.

"ಆಡೇ ಜೆಮ್ಮಾ" ಎಂದಳು. "ನಿನ್ನ ಸರದಿ."